ಒತ್ತಿದ ಅಕ್ಷರ ಯಾವ ವಿಂಡೋಗೆ?

ಕಂಪ್ಯೂಟರ್ ಎಂದರೇನು, ಅದರ ತಲೆಮಾರುಗಳು ಎಷ್ಟು, ಇನ್‌ಪುಟ್ ಸಾಧನಗಳು ಯಾವುವು ಎಂಬುದನ್ನೆಲ್ಲ ನಾವು ಹೈಸ್ಕೂಲಿನಿಂದಲೂ ಬಾಯಿಪಾಠ ಮಾಡಿಕೊಂಡು ಬಂದಿದ್ದೇವೆ. ಕೀಬೋರ್ಡ್ ಒಂದು ಇನ್‌ಪುಟ್ ಸಾಧನ ಎಂದು ಬರೆದರೆ ಒಂದು ಅಂಕ ಸಿಗುತ್ತದೆ. ಆದರೆ ಆ ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ, ಪರದೆಯ ಮೇಲೆ ತೆರೆದಿರುವ ನಾಲ್ಕೈದು ವಿಂಡೋಗಳಲ್ಲಿ ಯಾವುದಕ್ಕೆ ಹೋಗುತ್ತದೆ? ಅದನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ, ಲ್ಯಾಬಿನಲ್ಲೂ ಯಾರೂ ಕೇಳುವುದಿಲ್ಲ. ಇದು ಲ್ಯಾಬಿನ ಮೊದಲನೇ ಪಾಠವಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಜೊತೆಗೆ, ಈ ತೀರ್ಮಾನವನ್ನು ಬಳಸುವವರ ಕೈಗೇ ಕೊಡುವ ಒಂದು ಸಾಧನವಾದರೂ ನಮ್ಮ ಲ್ಯಾಬಿನಲ್ಲಿ ಇರಬೇಕು. ಅಂಥದ್ದು ಒಂದಿದೆ. ಅದರ ಹೆಸರು ಇಮ್ಯಾಕ್ಸ್.

ಮೊದಲು ವಿಷಯ ಸ್ಪಷ್ಟ ಮಾಡುತ್ತೇನೆ. ಪರದೆಯ ಮೇಲೆ ಎಷ್ಟೇ ವಿಂಡೋಗಳಿದ್ದರೂ ಕೀಬೋರ್ಡ್ ಒಂದೇ. ಹಾಗಾಗಿ ಒಂದು ಕ್ಷಣದಲ್ಲಿ ಒಂದು ವಿಂಡೋಗೆ ಮಾತ್ರ ಅಕ್ಷರಗಳು ತಲುಪುತ್ತವೆ. ಆ ಹಕ್ಕು ಯಾವ ವಿಂಡೋಗೆ ಇದೆಯೋ ಅದಕ್ಕೆ ಫೋಕಸ್ ಇದೆ ಎನ್ನುತ್ತಾರೆ. ನಾವು ಕಣ್ಣಿಟ್ಟು ನೋಡುತ್ತಿರುವ ವಿಂಡೋ ಮತ್ತು ಫೋಕಸ್ ಇರುವ ವಿಂಡೋ ಒಂದೇ ಆಗಿರಬೇಕೆಂದೇನೂ ಇಲ್ಲ. ನಮ್ಮ ಕಣ್ಣು ಎಲ್ಲಿದೆ ಎಂಬುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ತೊಂದರೆ ಹುಟ್ಟುವುದು ಇಲ್ಲಿಂದಲೇ.

ಕಾಮರ್ಸ್ ಓದುವವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಒಬ್ಬ ಗ್ರಾಹಕನ ಹೆಸರಿಗೆ ಬರೆಯಬೇಕಾದ ಮೊತ್ತವನ್ನು ಅದೇ ಬದಿಯಲ್ಲಿ ಇನ್ನೊಬ್ಬ ಗ್ರಾಹಕನ ಖಾತೆಗೆ ಬರೆದರೆ ಏನಾಗುತ್ತದೆ? ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ಡೆಬಿಟ್ ಕ್ರೆಡಿಟ್ ಎರಡೂ ಸಮ ಬರುತ್ತವೆ, ಆದರೂ ಲೆಕ್ಕ ತಪ್ಪೇ. ಇದನ್ನು ನಾವು ಎರರ್ ಆಫ್ ಕಮಿಷನ್ ಎಂದು ಓದಿದ್ದೇವೆ. ಟ್ರಯಲ್ ಬ್ಯಾಲೆನ್ಸ್ ಹಿಡಿದು ತೋರಿಸದ ತಪ್ಪುಗಳ ಪಟ್ಟಿಯಲ್ಲಿ ಅದು ಬರುತ್ತದೆ. ಅಕ್ಷರ ತಪ್ಪು ವಿಂಡೋಗೆ ಬೀಳುವುದೂ ಅದೇ ಜಾತಿಯ ತಪ್ಪು. ಒತ್ತಿದ ಕೀ ಸರಿಯಾಗಿಯೇ ಇತ್ತು, ಕಂಪ್ಯೂಟರ್ ಅದನ್ನು ಸರಿಯಾಗಿಯೇ ತೆಗೆದುಕೊಂಡಿತು, ಹೋಗಿ ಸೇರಿದ್ದು ಮಾತ್ರ ಬೇರೆಯವರ ಖಾತೆಗೆ. ಕೆಂಪು ಅಕ್ಷರದ ಎಚ್ಚರಿಕೆ ಬರುವುದಿಲ್ಲ.

ಹೋಗಿದ್ದು ಬೇರೆ ಜಾಗಕ್ಕೆ ಎಂದರೆ ಅಕ್ಷರ ವ್ಯರ್ಥವಾಯಿತು, ಅಷ್ಟೇ ತಾನೇ ಎಂದು ಕೆಲವರು ಕೇಳಬಹುದು. ಅಷ್ಟೇ ಅಲ್ಲ. ಒಂದೇ ಕೀಲಿಗೆ ಒಂದೊಂದು ವಿಂಡೋದಲ್ಲಿ ಒಂದೊಂದು ಅರ್ಥ. ಟ್ಯಾಲಿಯಲ್ಲಿ ವೋಚರ್ ತುಂಬಿ ಕಂಟ್ರೋಲ್-ಎ ಒತ್ತಿದರೆ ಆ ವೋಚರ್ ಸೇವ್ ಆಗುತ್ತದೆ. ಅದೇ ಕಂಟ್ರೋಲ್-ಎ ವರ್ಡ್‌ನಲ್ಲಿ ಇಡೀ ಬರಹವನ್ನು ಸೆಲೆಕ್ಟ್ ಮಾಡುತ್ತದೆ. ಅದಾದ ಮೇಲೆ ಯಾವುದಾದರೂ ಒಂದು ಅಕ್ಷರ ಒತ್ತಿದರೆ ಇಡೀ ಬರಹ ಹೋಗಿ ಆ ಒಂದು ಅಕ್ಷರ ಉಳಿಯುತ್ತದೆ. ಇಮ್ಯಾಕ್ಸ್‌ನಲ್ಲಿ ಅದೇ ಕಂಟ್ರೋಲ್-ಎ ಕರ್ಸರನ್ನು ಸಾಲಿನ ಮೊದಲಿಗೆ ಒಯ್ಯುತ್ತದೆ. ಎಫ್8 ಟ್ಯಾಲಿಯಲ್ಲಿ ಸೇಲ್ಸ್ ವೋಚರ್ ತೆರೆಯುತ್ತದೆ, ವರ್ಡ್‌ನಲ್ಲಿ ಸೆಲೆಕ್ಷನ್ ಹಿಗ್ಗಿಸುವ ಕೆಲಸಕ್ಕೆ ಬರುತ್ತದೆ. ಅಂದರೆ ಬೆರಳಿಗೆ ಅಭ್ಯಾಸ ಎಷ್ಟೇ ಇರಲಿ, ಫೋಕಸ್ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಆ ಅಭ್ಯಾಸವೇ ಹಾನಿ ಮಾಡುತ್ತದೆ.

ಈ ಹಾನಿ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಕೀಬೋರ್ಡ್ ನೋಡದೆ ಟೈಪ್ ಮಾಡಬಲ್ಲವರ ಕಣ್ಣು ಪರದೆಯ ಮೇಲೇ ಇರುತ್ತದೆ. ನಡುವೆ ಯಾವುದೋ ಪೆಟ್ಟಿಗೆ ಎದ್ದು ಬಂದರೆ ಎರಡನೇ ಅಕ್ಷರಕ್ಕೇ ಅವರಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಬಹಳ ಮಂದಿ ಹಾಗಿಲ್ಲ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕೀಬೋರ್ಡಿನ ಮೇಲೆ ಮಾತ್ರ ಇಂಗ್ಲಿಷ್. ಆ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುವವರ ತಲೆ ಬಗ್ಗಿಯೇ ಇರುತ್ತದೆ. ಒಂದು ಸಾಲು ಮುಗಿಸಿ ತಲೆ ಎತ್ತುವಷ್ಟರಲ್ಲಿ ಅರ್ಧ ಸಾಲು ಎಲ್ಲೋ ಹೋಗಿರುತ್ತದೆ. ನಂದಗಡ, ಬೀಡಿ, ಖಾನಾಪುರದ ಕಡೆಯಿಂದ ಬಸ್ಸಿನಲ್ಲಿ, ಲೋಂಡಾದಿಂದ ರೈಲಿನಲ್ಲಿ ಬರುವ ಗೆಳೆಯರಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲ್ಯಾಬಿನಲ್ಲಿ ಸಿಗುವ ಸರದಿಯೇ ಅವರ ಪಾಲಿನ ಪೂರ್ತಿ ಸಮಯ. ಅದರಲ್ಲಿ ಹತ್ತು ನಿಮಿಷ ಹೋದರೆ ಅವರಿಗೆ ಅದು ಮತ್ತೆ ಸಿಗುವುದಿಲ್ಲ.

ಖಾನಾಪುರದ ಒಂದು ಸೈಬರ್ ಸೆಂಟರಿನಲ್ಲಿ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ನಮ್ಮ ಖಾಲಾನ ಮಗಳು ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದಳು. ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ನೋಡಿ ಒತ್ತಿದಳು. ತಲೆ ಎತ್ತಿದರೆ ಅರ್ಜಿಯಲ್ಲಿ ನಾಲ್ಕೇ ಅಂಕಿ. ನಡುವೆ ಯಾವುದೋ ತಂತ್ರಾಂಶ ತನ್ನನ್ನು ಅಪ್‌ಡೇಟ್ ಮಾಡಲೇ ಎಂದು ಕೇಳುವ ಪೆಟ್ಟಿಗೆಯನ್ನು ಮುಂದೆ ತಂದಿತ್ತು. ಉಳಿದ ಅಂಕಿಗಳೆಲ್ಲ ಅದಕ್ಕೆ ಹೋಗಿದ್ದವು. ಅವಳು ಕೊನೆಗೆ ಒತ್ತಿದ ಎಂಟರ್ ಆ ಪ್ರಶ್ನೆಗೆ ಹೌದು ಎಂಬ ಉತ್ತರವಾಗಿತ್ತು. ಅಪ್‌ಡೇಟ್ ಮುಗಿಯುವವರೆಗೆ ಕಾದು ನೋಡಿದರೆ ಅರ್ಜಿಯ ಪುಟದ ಅವಧಿ ಮುಗಿದಿತ್ತು. ಅಂಗಡಿಯವರು, "ಇದು ದಿನಾ ಹಿಂಗ ಮಾಡ್ತೈತಿ ತಂಗಿ, ಕಣ್ಣು ಮ್ಯಾಲ ಇಟ್ಟು ಒತ್ತಬೇಕು" ಅಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ತಪ್ಪು ಯಾರದು ಎಂಬುದು ನನ್ನ ತಲೆಯಲ್ಲಿ ಉಳಿಯಿತು. ಅವಳು ಒತ್ತಿದ ಹನ್ನೆರಡೂ ಅಂಕಿ ಸರಿ ಇದ್ದವು. ಕೇಳದೆ ನಡುವೆ ಬಂದದ್ದು ಆ ಪೆಟ್ಟಿಗೆ.

ಇದೇ ಪೆಟ್ಟಿಗೆ ಪಾಸ್‌ವರ್ಡ್ ಒತ್ತುವಾಗ ಬಂದಿದ್ದರೆ? ಒಟಿಪಿ ಒತ್ತುವಾಗ ಫೋಕಸ್ ಚಾಟ್ ವಿಂಡೋಗೆ ಹೋಗಿದ್ದರೆ? ಆಗ ಹೋಗುವುದು ಬರೀ ಹತ್ತು ನಿಮಿಷವಲ್ಲ.

ಈ ಸಮಸ್ಯೆ ಹೊಸದಲ್ಲ, ದೊಡ್ಡ ಕಂಪನಿಗಳಿಗೆ ಗೊತ್ತಿಲ್ಲದ್ದೂ ಅಲ್ಲ. ಫೋಕಸ್ ಕದಿಯುವುದು ಎಂದೇ ಇದನ್ನು ಕರೆಯುತ್ತಾರೆ. ವಿಂಡೋಸ್ 98 ಮತ್ತು 2000ದ ಕಾಲದಲ್ಲಿ ಮೈಕ್ರೋಸಾಫ್ಟ್ ಒಂದು ಕಟ್ಟುಪಾಡು ತಂದಿತು. ಹಿಂದೆ ಇರುವ ಪ್ರೋಗ್ರಾಂ ತಾನಾಗಿ ಮುಂದೆ ನುಗ್ಗುವಂತಿಲ್ಲ, ಏನಾದರೂ ಹೇಳುವುದಿದ್ದರೆ ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಅದರ ಬಟನ್ ಮಿನುಗಬೇಕು. ಟಾಸ್ಕ್‌ಬಾರ್‌ನಲ್ಲಿ ಕಿತ್ತಳೆ ಬಣ್ಣ ಮಿನುಗುವುದನ್ನು ನೀವೂ ನೋಡಿರಬಹುದು. ಅದರ ಅರ್ಥ, ನಾನು ಕಾಯುತ್ತಿದ್ದೇನೆ, ನಿಮಗೆ ಪುರುಸೊತ್ತಾದಾಗ ಬನ್ನಿ ಎಂದು. ಒಳ್ಳೆಯ ನಡತೆ. ಆದರೆ ಆ ಕಟ್ಟುಪಾಡಿಗೆ ವಿನಾಯಿತಿಗಳೂ ಇವೆ. ಅದಲ್ಲದೆ ಬ್ರೌಸರಿನ ಒಂದೇ ಪುಟದೊಳಗೆ ಆ ಪುಟವೇ ಕರ್ಸರನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಒಯ್ಯಬಲ್ಲದು. ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಇನ್ನೊಂದು ಪದ್ಧತಿಯನ್ನೂ ಆರಿಸಿಕೊಳ್ಳಬಹುದು. ಕ್ಲಿಕ್ ಮಾಡದೆ, ಮೌಸ್ ಬಾಣ ಯಾವ ವಿಂಡೋ ಮೇಲೆ ಇದೆಯೋ ಅದಕ್ಕೇ ಫೋಕಸ್ ಸಿಗುವ ಪದ್ಧತಿ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಕಷ್ಟ. ಒಟ್ಟಿನಲ್ಲಿ ಇಲ್ಲಿ ಕಟ್ಟುಪಾಡುಗಳಿವೆ, ಅವನ್ನು ಯಾರೋ ಮನುಷ್ಯರು ಯೋಚಿಸಿ ಮಾಡಿದ್ದಾರೆ, ಅವನ್ನು ಬದಲಾಯಿಸಲೂ ಬರುತ್ತದೆ. ನಮ್ಮ ಲ್ಯಾಬಿನಲ್ಲಿ ಕಲಿಸಬೇಕಾದದ್ದು ಇದನ್ನೇ.

ಇಮ್ಯಾಕ್ಸ್ ಹೆಸರು ಕೇಳದವರಿಗೆ ಎರಡು ಮಾತು. ಅದು ಬರೆಯುವ ತಂತ್ರಾಂಶ, ನೋಟ್‌ಪ್ಯಾಡ್ ಇದ್ದಂತೆ. ಆದರೆ ನೋಟ್‌ಪ್ಯಾಡ್ ತನ್ನ ರೀತಿ ಬಿಟ್ಟು ಆಚೀಚೆ ಹೋಗುವುದಿಲ್ಲ. ಇಮ್ಯಾಕ್ಸ್ ತನ್ನ ಬಹುಪಾಲು ನಡವಳಿಕೆಯನ್ನು ಲಿಸ್ಪ್ ಎಂಬ ಭಾಷೆಯಲ್ಲಿ ಬರೆದಿಟ್ಟುಕೊಂಡಿದೆ, ಬಳಸುವವರು ಅದನ್ನು ಓದಬಹುದು, ತಿದ್ದಬಹುದು. ಅದರ ಮೊದಲ ರೂಪ 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಈಗ ಬಳಕೆಯಲ್ಲಿರುವ ಗ್ನೂ ಇಮ್ಯಾಕ್ಸ್ ಅನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದರು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕೀಲಿಯ ಗೊಡವೆ ಇಲ್ಲ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದ್ದುದರಿಂದ ನನಗೆ ಇದರ ಪರಿಚಯವಾಯಿತು.

ಅದರಲ್ಲಿ ಹೆಸರುಗಳು ಸ್ವಲ್ಪ ಬೇರೆ. ನಾವು ವಿಂಡೋ ಎನ್ನುವುದನ್ನು ಅದು ಫ್ರೇಮ್ ಎನ್ನುತ್ತದೆ. ಒಂದು ಫ್ರೇಮ್ ಒಳಗೆ ಮಾಡಿದ ಭಾಗಗಳಿಗೆ ವಿಂಡೋ ಎನ್ನುತ್ತದೆ. ಬರಹ ಇರುವುದು ಬಫರ್‌ನಲ್ಲಿ, ವಿಂಡೋ ಆ ಬಫರನ್ನು ತೋರಿಸುತ್ತದೆ. ಕಂಟ್ರೋಲ್-ಎಕ್ಸ್ ಒತ್ತಿ 2 ಒತ್ತಿದರೆ ಪರದೆ ಮೇಲೆ ಕೆಳಗೆ ಎರಡಾಗುತ್ತದೆ, 3 ಒತ್ತಿದರೆ ಎಡ ಬಲ ಎರಡಾಗುತ್ತದೆ. ಎಷ್ಟು ಭಾಗ ಮಾಡಿದರೂ ಆಯ್ಕೆಯಾದ ವಿಂಡೋ ಒಂದೇ. ಅದರಲ್ಲಿ ಕರ್ಸರ್ ತುಂಬಿದ ಪೆಟ್ಟಿಗೆಯಾಗಿ ಕಾಣುತ್ತದೆ, ಉಳಿದವುಗಳಲ್ಲಿ ಬರೀ ಚೌಕಟ್ಟು. ಕೆಳಗಿನ ಪಟ್ಟಿಯ ಬಣ್ಣವೂ ಬೇರೆ. ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗಲು ಕಂಟ್ರೋಲ್-ಎಕ್ಸ್, ಆಮೇಲೆ ಓ. ಮೌಸ್ ಹಿಡಿಯುವ ಅಗತ್ಯವಿಲ್ಲ.

ನನಗೆ ಬಹಳ ಹಿಡಿಸಿದ ವಿಷಯ ಮುಂದಿನದು. ಇಮ್ಯಾಕ್ಸ್‌ನಲ್ಲಿ ತೋರಿಸುವುದು ಬೇರೆ ಕೆಲಸ, ಅಲ್ಲಿಗೆ ಹೋಗುವುದು ಬೇರೆ ಕೆಲಸ. ಡಿಸ್‌ಪ್ಲೇ-ಬಫರ್ ಎಂಬ ಆಜ್ಞೆ ಒಂದು ಬಫರನ್ನು ಬೇರೆ ವಿಂಡೋದಲ್ಲಿ ತೋರಿಸುತ್ತದೆ, ನಿಮ್ಮ ಕರ್ಸರ್ ಇದ್ದಲ್ಲೇ ಇರುತ್ತದೆ. ಪಾಪ್-ಟು-ಬಫರ್ ಎಂಬ ಆಜ್ಞೆ ತೋರಿಸಿ ನಿಮ್ಮನ್ನೂ ಅಲ್ಲಿಗೆ ಕರೆದೊಯ್ಯುತ್ತದೆ. ಬಳಸುವವರಿಗೂ ಎರಡಕ್ಕೆ ಎರಡು ಬೇರೆ ಕೀಲಿಗಳು. ಕಂಟ್ರೋಲ್-ಎಕ್ಸ್, 4, ಬಿ ಒತ್ತಿದರೆ ಪಕ್ಕದ ವಿಂಡೋದಲ್ಲಿ ತೆರೆದು ಅಲ್ಲಿಗೇ ಹೋಗುತ್ತೀರಿ. ಕಂಟ್ರೋಲ್-ಎಕ್ಸ್, 4, ಕಂಟ್ರೋಲ್-ಓ ಒತ್ತಿದರೆ ಪಕ್ಕದಲ್ಲಿ ತೆರೆಯುತ್ತದೆ, ನೀವು ಇಲ್ಲೇ ಬರೆಯುತ್ತಿರಬಹುದು. ಪಕ್ಕದ ವಿಂಡೋದಲ್ಲಿರುವ ಪ್ರಶ್ನೆಯನ್ನು ಓದುತ್ತಾ ಇಲ್ಲಿ ಉತ್ತರ ಬರೆಯಬೇಕೇ? ಕಂಟ್ರೋಲ್, ಆಲ್ಟ್, ವಿ ಒಟ್ಟಿಗೆ ಒತ್ತಿದರೆ ಆ ಪಕ್ಕದ ಪುಟ ಮಾತ್ರ ಮುಂದಕ್ಕೆ ಸರಿಯುತ್ತದೆ, ಕರ್ಸರ್ ಕದಲುವುದಿಲ್ಲ.

ಲಿಸ್ಪ್‌ನಲ್ಲಿ ಬರೆಯುವವರಿಗೂ ಅಂಥದ್ದೇ ಸೌಕರ್ಯವಿದೆ. ಯಾವುದೋ ಕೆಲಸಕ್ಕೆ ಪ್ರೋಗ್ರಾಂ ಬೇರೆ ವಿಂಡೋಗೆ ಹೋಗಿ ಬರಬೇಕಾಗುತ್ತದೆ ಎನ್ನಿ. ಸೇವ್-ಸೆಲೆಕ್ಟೆಡ್-ವಿಂಡೋ ಎಂಬುದರೊಳಗೆ ಆ ಕೆಲಸ ಬರೆದರೆ, ಮುಗಿದ ಮೇಲೆ ಆಯ್ಕೆ ಮೊದಲು ಇದ್ದ ವಿಂಡೋಗೇ ವಾಪಸ್ಸಾಗುತ್ತದೆ. ನಡುವೆ ಏನಾದರೂ ಎರರ್ ಬಂದರೂ ವಾಪಸ್ಸಾಗುತ್ತದೆ. ಕೂತಿರುವ ಬಳಕೆದಾರನಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಕಾಲೇಜಿನ ಅಟೆಂಡರ್ ಚಾಚಾ ಪಾಠ ನಡೆಯುವಾಗ ನೋಟಿಸ್ ತಂದಾಗ ಹೇಗೆ ಮಾಡುತ್ತಾರೆ ನೋಡಿ. ಬಾಗಿಲಲ್ಲಿ ನಿಲ್ಲುತ್ತಾರೆ, ಸರ್ ಕೈಗೆ ಪುಸ್ತಕ ಕೊಡುತ್ತಾರೆ, ಸಹಿ ತೆಗೆದುಕೊಂಡು ಹೋಗುತ್ತಾರೆ. ಸರ್ ಬಿಟ್ಟ ಸಾಲಿನಿಂದಲೇ ಪಾಠ ಮುಂದುವರಿಯುತ್ತದೆ. ಚಾಚಾ ಒಳಗೆ ಬಂದು ಸರ್ ಕೈಯಿಂದ ಚಾಕ್ ತೆಗೆದುಕೊಂಡು ಬೋರ್ಡಿನ ಮೇಲೆ ನೋಟಿಸ್ ಬರೆಯಲು ಶುರು ಮಾಡಿದ್ದನ್ನು ನಾವು ಯಾರೂ ಕಂಡಿಲ್ಲ. ಕೆಟ್ಟ ತಂತ್ರಾಂಶಗಳು ದಿನಾ ಮಾಡುವುದು ಇದನ್ನೇ.

ಇಮ್ಯಾಕ್ಸ್‌ಗೂ ಒಂದು ಮಿತಿ ಇದೆ. ತನ್ನ ಫ್ರೇಮಿನೊಳಗಿನ ವಿಂಡೋಗಳ ಮೇಲೆ ಅದಕ್ಕೆ ಪೂರ್ತಿ ಅಧಿಕಾರ. ಆದರೆ ಪರದೆಯ ಮೇಲೆ ಬ್ರೌಸರ್, ಟ್ಯಾಲಿ ಇವೂ ಇರುತ್ತವೆ. ಅವುಗಳ ನಡುವೆ ಫೋಕಸ್ ಯಾರಿಗೆ ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ವಿಂಡೋ ವ್ಯವಸ್ಥೆ. ಸೆಲೆಕ್ಟ್-ಫ್ರೇಮ್-ಸೆಟ್-ಇನ್‌ಪುಟ್-ಫೋಕಸ್ ಎಂಬ ಉದ್ದ ಹೆಸರಿನ ಆಜ್ಞೆ ಇದೆ. ಅದು ಇಮ್ಯಾಕ್ಸ್‌ನ ಒಳಗೆ ಆ ಫ್ರೇಮನ್ನು ಆಯ್ಕೆ ಮಾಡಿ, ಕೀಬೋರ್ಡನ್ನೂ ಇದಕ್ಕೇ ಕೊಡಿ ಎಂದು ಹೊರಗಿನ ವ್ಯವಸ್ಥೆಗೆ ಬೇಡಿಕೆ ಕಳಿಸುತ್ತದೆ. ಕೊಡುವುದು ಬಿಡುವುದು ಆ ವ್ಯವಸ್ಥೆಯ ಕೈಯಲ್ಲಿದೆ. ಇದು ನನಗೆ ಸರಿಯಾಗಿಯೇ ಕಾಣುತ್ತದೆ. ನಮ್ಮ ಮನೆಯ ಕೋಣೆಗಳಲ್ಲಿ ಯಾರು ಎಲ್ಲಿ ಕೂಡಬೇಕು ಎಂದು ನಾವು ಹೇಳಬಹುದು, ಓಣಿಯವರಿಗೆ ಹೇಳಲಾಗದು.

ಬದಲಾಯಿಸುವ ಹಕ್ಕು ಎಂದೆ. ಒಂದು ಉದಾಹರಣೆ ಕೊಡುತ್ತೇನೆ. ಇಮ್ಯಾಕ್ಸ್‌ನಲ್ಲಿ ಸಹಾಯ ಕೇಳಿದರೆ ಅದು ಪಕ್ಕದ ವಿಂಡೋದಲ್ಲಿ ಬರುತ್ತದೆ, ಫೋಕಸ್ ಮಾತ್ರ ನೀವು ಬರೆಯುತ್ತಿದ್ದ ಕಡೆಯೇ ಉಳಿಯುತ್ತದೆ. ಕೆಲವರಿಗೆ ಇದು ಕಿರಿಕಿರಿ. ಸಹಾಯ ಓದಿ ಅದನ್ನು ಮುಚ್ಚಬೇಕಾದರೆ ಮೊದಲು ಅಲ್ಲಿಗೆ ಹೋಗಬೇಕು. ಅಂಥವರು ಹೆಲ್ಪ್-ವಿಂಡೋ-ಸೆಲೆಕ್ಟ್ ಎಂಬ ವೇರಿಯಬಲ್‌ನ ಬೆಲೆ ಬದಲಿಸಿದರೆ ಸಾಕು, ಸಹಾಯ ಬಂದೊಡನೆ ಫೋಕಸ್ ಅಲ್ಲಿಗೆ ಹೋಗುತ್ತದೆ. ಮೌಸ್-ಆಟೋಸೆಲೆಕ್ಟ್-ವಿಂಡೋ ಎಂಬ ಇನ್ನೊಂದು ಇದೆ. ಅದನ್ನು ಶುರು ಮಾಡಿದರೆ ಮೌಸ್ ಬಾಣ ಹೋದ ವಿಂಡೋ ಆಯ್ಕೆಯಾಗುತ್ತದೆ. ಎಷ್ಟು ಸೆಕೆಂಡ್ ತಡೆದು ಆಯ್ಕೆಯಾಗಬೇಕು ಎಂದೂ ಹೇಳಬಹುದು. ಅಲುಗಾಡುವ ಮೇಜಿನ ಮೇಲೆ ಮೌಸ್ ತಾನಾಗಿ ಸರಿಯುವುದರಿಂದ ನಾನು ಅದನ್ನು ಶುರು ಮಾಡಿಲ್ಲ. ನಿಮಗೆ ಬೇಕಾದರೆ ಮಾಡಿಕೊಳ್ಳಿ. ಇಬ್ಬರ ಆಯ್ಕೆ ಬೇರೆಯಾದರೂ ತಂತ್ರಾಂಶ ಒಂದೇ. ವಿಂಡೋಗಳ ಜೋಡಣೆ ಕೆಟ್ಟುಹೋದರೆ ಹಿಂದಿನ ಜೋಡಣೆಗೆ ಮರಳಲು ವಿನ್ನರ್-ಮೋಡ್ ಎಂಬುದೂ ಜೊತೆಯಲ್ಲೇ ಬರುತ್ತದೆ.

ಬೆಳಗಾವಿಯಲ್ಲಿ ಕೂತು ಬರೆಯುವವರಿಗೆ ಮುಖ್ಯವಾದ ಇನ್ನೊಂದು ಮಾತು ಭಾಷೆಯದು. ಇಲ್ಲಿ ಮದುವೆ ಕಾರ್ಡು, ಬ್ಯಾನರು ಮಾಡುವ ಡಿಟಿಪಿ ಅಂಗಡಿಗಳಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ನಾಲ್ಕೂ ನಡೆಯುತ್ತವೆ. ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ, ಉರ್ದುವಿಗೆ ಇನ್‌ಪೇಜ್, ಹೀಗೆ ತಂತ್ರಾಂಶಗಳೂ ಬೇರೆ ಬೇರೆ. ಅಕ್ಷರ ಯಾವ ವಿಂಡೋಗೆ ಎಂಬುದರ ಜೊತೆಗೆ ಯಾವ ಲಿಪಿಯಲ್ಲಿ ಎಂಬ ಎರಡನೇ ಪ್ರಶ್ನೆ ಇಲ್ಲಿ ಸೇರಿಕೊಳ್ಳುತ್ತದೆ. ಭಾಷೆ ಬದಲಿಸುವ ಕೀಲಿ ಒತ್ತಿದ್ದು ನೆನಪಿಲ್ಲದೆ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಒತ್ತಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಬರುತ್ತದೆ. ವಿಂಡೋಸ್‌ನಲ್ಲಿ ಒಂದೊಂದು ಆ್ಯಪ್ ವಿಂಡೋಗೆ ಒಂದೊಂದು ಭಾಷೆ ಇಟ್ಟುಕೊಳ್ಳುವ ಆಯ್ಕೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿದೆ. ಅದು ಅಲ್ಲಿದೆ ಎಂದು ಹೇಳಿಕೊಡುವವರಿಲ್ಲ.

ಇಮ್ಯಾಕ್ಸ್‌ನಲ್ಲಿ ಬರೆಯುವ ಭಾಷೆ ಆಯಾ ಬಫರಿಗೆ ಅಂಟಿಕೊಂಡಿರುತ್ತದೆ. ಕನ್ನಡ ಲೇಖನದ ಬಫರಿನಲ್ಲಿ ಕನ್ನಡ ಶುರು ಮಾಡಿ, ಪಕ್ಕದ ವಿಂಡೋದ ಪೈಥಾನ್ ಪ್ರೋಗ್ರಾಂಗೆ ಹೋದರೆ ಅಲ್ಲಿ ಇಂಗ್ಲಿಷೇ ಇರುತ್ತದೆ. ವಾಪಸ್ ಬಂದರೆ ಕನ್ನಡ ಕಾಯುತ್ತಿರುತ್ತದೆ. ಯಾವ ಭಾಷೆ ಶುರುವಿದೆ ಎಂಬ ಸಣ್ಣ ಗುರುತು ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ. ಕನ್ನಡ ಬರೆಯಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎರಡೂ ವಿಧಾನಗಳು ಅದರಲ್ಲೇ ಇವೆ. ಅರಬಿ, ಫಾರಸಿ ಬರೆಯುವ ವಿಧಾನಗಳೂ ಇವೆ. ಬಲದಿಂದ ಎಡಕ್ಕೆ ಸಾಗುವ ಬರಹವನ್ನು 2012ರಲ್ಲಿ ಬಂದ 24ನೇ ಆವೃತ್ತಿಯಿಂದ ಅದು ಸರಿಯಾಗಿ ತೋರಿಸುತ್ತದೆ. ಉರ್ದುವಿಗೆ ಬೇಕಾದ ಅಕ್ಷರಗಳನ್ನು ನಮಗೆ ಒಪ್ಪುವ ಕೀಲಿಗಳಿಗೆ ನಾವೇ ಜೋಡಿಸಿಕೊಳ್ಳಬಹುದು. ಕಂಟ್ರೋಲ್-ಎಚ್ ಒತ್ತಿ ಎಚ್ ಒತ್ತಿದರೆ ಲೋಕದ ಹಲವು ಭಾಷೆಗಳಲ್ಲಿ ಸ್ವಾಗತ ಹೇಳುವ ಒಂದು ಪುಟ ಬರುತ್ತದೆ. ಅದರಲ್ಲಿ ನಮ್ಮ ನಮಸ್ಕಾರವೂ ಇದೆ, ಅರಬಿಯ ಸಲಾಮೂ ಇದೆ. ಒಂದೇ ಪುಟದಲ್ಲಿ ಎರಡನ್ನೂ ನೋಡಿದಾಗ ನನಗೆ ಖುಷಿಯಾಯಿತು.

ಇದಕ್ಕೆ ಬರಬಹುದಾದ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ಇದು ಹಳೆಯ ಕಾಲದ ತಂತ್ರಾಂಶ, ನೌಕರಿಗೆ ಬೇಕಾದದ್ದು ಟ್ಯಾಲಿ ಮತ್ತು ಎಕ್ಸೆಲ್. ನಿಜ, ನನಗೂ ಬೇಕಾದದ್ದು ಅವೇ. ಟ್ಯಾಲಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಫೋಕಸ್ ಎಂಬುದು ಏನು ಎಂದು ಒಮ್ಮೆ ಕೈಯಾರೆ ಬದಲಿಸಿ ನೋಡಿದವರು ಟ್ಯಾಲಿಯಲ್ಲೂ, ಬ್ಯಾಂಕಿನ ಕೌಂಟರಿನಲ್ಲೂ ಕೀ ಒತ್ತುವ ಮೊದಲು ಎಲ್ಲಿದ್ದೇನೆ ಎಂದು ನೋಡುತ್ತಾರೆ. ಎರಡನೆಯದು, ಅದರ ಕೀಲಿಗಳು ಕಷ್ಟ. ಹೌದು, ಮೊದಲ ವಾರ ಕಷ್ಟವೇ. ಸಹಾಯದ ಪುಟಗಳೂ ಇಂಗ್ಲಿಷಿನಲ್ಲಿವೆ. ಮೂರನೆಯದು, ಇದಕ್ಕೆ ಅಂಕವಿಲ್ಲ. ಸ್ಕಾಲರ್‌ಶಿಪ್ ಅರ್ಜಿ ಸರಿಯಾಗಿ ತುಂಬುವುದಕ್ಕೂ ಅಂಕವಿಲ್ಲ, ಆದರೂ ಅದನ್ನು ತುಂಬಲೇಬೇಕು.

ಇಮ್ಯಾಕ್ಸ್ ಎಲ್ಲದರಲ್ಲೂ ಸರಿ ಎಂದೂ ನಾನು ಹೇಳುವುದಿಲ್ಲ. ಅದೂ ಪ್ರಶ್ನೆ ಕೇಳುವಾಗ ಕೆಳಗಿನ ಮಿನಿಬಫರ್ ಎಂಬ ಸಾಲಿಗೆ ಫೋಕಸ್ ಒಯ್ಯುತ್ತದೆ. ಆದರೆ ದೊಡ್ಡ ಪ್ರಶ್ನೆಗಳಿಗೆ ಅಲ್ಲೊಂದು ಎಚ್ಚರಿಕೆ ಇದೆ. ಸೇವ್ ಮಾಡದ ಬರಹ ಬಿಟ್ಟು ಹೊರಗೆ ಹೋಗಲು ಹೊರಟರೆ, ಹೋಗಲೇ ಎಂದು ಕೇಳಿ, ಯೆಸ್ ಎಂದು ಮೂರೂ ಅಕ್ಷರ ಒತ್ತಿ ಎಂಟರ್ ಒತ್ತುವವರೆಗೆ ಒಪ್ಪುವುದಿಲ್ಲ. ಕೈತಪ್ಪಿ ಬಿದ್ದ ಒಂದು ಎಂಟರ್ ಒಪ್ಪಿಗೆಯಾಗುವುದಿಲ್ಲ. ಖಾನಾಪುರದಲ್ಲಿ ಎದ್ದು ಬಂದ ಆ ಪೆಟ್ಟಿಗೆ ಇಷ್ಟು ಮಾಡಿದ್ದರೆ ಸಾಕಿತ್ತು.

ಬರೀ ಮಾತಾಡಿ ಪ್ರಯೋಜನವಿಲ್ಲ, ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಕಂಪ್ಯೂಟರ್ ವಿಭಾಗದ ಗುರುಗಳಲ್ಲಿ ನಾಲ್ಕು ವಿನಂತಿಗಳು.

ಒಂದು, ಪ್ರತಿ ವರ್ಷದ ಮೊದಲ ಲ್ಯಾಬ್ ತರಗತಿಯಲ್ಲಿ ಅರ್ಧ ಗಂಟೆ ಈ ಪಾಠಕ್ಕೆ ಕೊಡಿ. ಮೂರು ವಿಂಡೋ ತೆರೆದು, ಆಲ್ಟ್-ಟ್ಯಾಬ್ ಒತ್ತಿ ಒಂದರಿಂದ ಒಂದಕ್ಕೆ ಹೋಗಿ, ಪ್ರತಿಯೊಂದರಲ್ಲೂ ತಮ್ಮ ಹೆಸರು ಟೈಪ್ ಮಾಡಲಿ. ಕರ್ಸರ್ ಎಲ್ಲಿ ಮಿನುಗುತ್ತಿದೆ, ಮೇಲಿನ ಪಟ್ಟಿಯ ಬಣ್ಣ ಏನಾಯಿತು ಎಂದು ಬಾಯಿಬಿಟ್ಟು ಹೇಳಲಿ. ಖರ್ಚು ಏನೂ ಇಲ್ಲ.

ಎರಡು, ಲ್ಯಾಬಿನ ಎಲ್ಲ ಕಂಪ್ಯೂಟರುಗಳಲ್ಲಿ ಬ್ರೌಸರಿನ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ. ಅಪ್‌ಡೇಟ್ ಕೇಳುವ ತಂತ್ರಾಂಶಗಳಿಗೆ ತರಗತಿ ಮುಗಿದ ನಂತರದ ಸಮಯ ಗೊತ್ತು ಮಾಡಿ.

ಮೂರು, ಎರಡೇ ಎರಡು ಕಂಪ್ಯೂಟರುಗಳಲ್ಲಿ ಇಮ್ಯಾಕ್ಸ್ ಹಾಕಿ. ಅದರಲ್ಲೇ ಕಲಿಕೆಯ ಪಾಠವೊಂದು ಇದೆ, ಕಂಟ್ರೋಲ್-ಎಚ್, ಟಿ ಒತ್ತಿದರೆ ತೆರೆಯುತ್ತದೆ. ಕಲಿಯಲು ಬಂದವರ ಪಕ್ಕ ಕೂತು ಆ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬಿಡಿಸಿ ಹೇಳಲು ನಾನು ಸಿದ್ಧನಿದ್ದೇನೆ. ದೂರದಿಂದ ಬರುವವರಿಗೆ ಬಸ್ಸಿನ ಸಮಯ ನೋಡಿಕೊಂಡು ಮಧ್ಯಾಹ್ನದ ಬಿಡುವಿನಲ್ಲೇ ಮಾಡೋಣ.

ನಾಲ್ಕು, ಈ ವಾರ್ತಾಪತ್ರದ ಮುಂದಿನ ಸಂಚಿಕೆಯ ಕನ್ನಡ ಪುಟಗಳನ್ನು ವಿದ್ಯಾರ್ಥಿಗಳೇ ಅದರಲ್ಲಿ ಟೈಪ್ ಮಾಡಿ ಕೊಡಲು ಅವಕಾಶ ಮಾಡಿಕೊಡಿ. ಉರ್ದು ಪುಟದ ಪ್ರಯೋಗವನ್ನು ಆಮೇಲೆ ನೋಡೋಣ.

ಗೆಳೆಯರಲ್ಲೂ ಒಂದು ಮಾತು. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಇವುಗಳನ್ನು ಒತ್ತುವಾಗ ನಾಲ್ಕು ಅಂಕಿಗೊಮ್ಮೆ ತಲೆ ಎತ್ತಿ ನೋಡಿ. ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ನೋಡಿ. ನೀವು ಬರೆದದ್ದು ಬೇರೆಲ್ಲೋ ಹೋಗಿದ್ದರೆ ನಿಮಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ. ನಡುವೆ ಬಂದದ್ದು ಯಾವುದು, ಅದಕ್ಕೆ ಬರಲು ಅಪ್ಪಣೆ ಕೊಟ್ಟವರು ಯಾರು, ಅದನ್ನು ನಿಲ್ಲಿಸುವ ಸೆಟ್ಟಿಂಗ್ ಎಲ್ಲಿದೆ ಎಂದು ಕೇಳಿ. ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಶುರು ಮಾಡಿದವರು ಅರ್ಧ ಕಂಪ್ಯೂಟರ್ ಕಲಿತಂತೆಯೇ.